ಮೂರು ಮಳೆಗಾಲ ಕಂಡ 900 ರೂಪಾಯಿಯ ಸ್ಕ್ಯಾನರ್

ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸಿಕ್ಕಿಸಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೂರಿನ ಕೋಡುಗಳನ್ನು ಫೋನಿನಲ್ಲಿ ಓದುವ ಬ್ಲೂಟೂತ್ ಸ್ಕ್ಯಾನರ್ ಇದು. ಆ ಕೋಡು ಓದುವ ಇಎಲ್‌ಎಂ 327 ಅನ್ನುವ ಚಿಪ್ಪಿನ ನಕಲು ಇರುವ ಅಗ್ಗದ ಮಾಲು. ಎಷ್ಟು ಪ್ರೋಟೋಕಾಲ್, ಯಾವ ಆ್ಯಪ್ ಅಂತ ಬರೆಯುವುದಿಲ್ಲ, ಅದು ಡಬ್ಬಿ ಮೇಲೇ ಇದೆ. ಎರಡನೇ ಮಳೆಗಾಲದಲ್ಲಿ ನನ್ನ ಜೀವ ತಿಂದ ಒಂದು ಕಂಪ್ಲೇಂಟಿಗೆ ಇದು ಎಷ್ಟು ಉಪಯೋಗಕ್ಕೆ ಬಂತು ಅಂತ ಮಾತ್ರ ಹೇಳುತ್ತೇನೆ.

ನನ್ನದು 2016ರ ಡೀಸೆಲ್ ಕಾರು. ದಿನಾ ಸುರತ್ಕಲ್‌ನಿಂದ ಮಂಗಳೂರಿನ ಹಂಪನಕಟ್ಟೆಗೆ ಓಡಾಟ. ಮಳೆ ಶುರುವಾದ ಮೇಲೆ ಬೆಳಿಗ್ಗೆ ಗೇಟು ದಾಟಿ ರಸ್ತೆಗೆ ಬಂದ ಕೂಡಲೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಯೂನಿಟ್) ಲೈಟು, ಸ್ಟೀರಿಂಗ್ ಲೈಟು ಒಟ್ಟಿಗೆ ಹತ್ತುತ್ತಿದ್ದವು, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತಿತ್ತು. ಎರಡು ಸೆಕೆಂಡಲ್ಲಿ ಮುಳ್ಳು ಮತ್ತೆ ಮೇಲೆ. ವಾರದಲ್ಲಿ ನಾಲ್ಕು ಸಲ ಬಂದರೆ ಆಮೇಲೆ ಹತ್ತು ದಿನ ಸುದ್ದಿಯೇ ಇಲ್ಲ. ಸರ್ವಿಸ್ ಸೆಂಟರಿಗೆ ಎರಡು ಸಲ ಕೊಂಡುಹೋದೆ. ಎರಡು ಸಲವೂ ಕೋಡ್ ಅಳಿಸಿ, "ಈಗ ಎಲ್ಲ ಸರಿ ಉಂಟಲ್ಲ ಸಾರ್" ಅಂತ ಕಳಿಸಿದರು. ಮೂರನೇ ಸಲ ಎಬಿಎಸ್ ಯೂನಿಟ್ಟೇ ಬದಲಿಸಬೇಕು, 38,000 ಆಗುತ್ತದೆ ಅಂದರು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಮಾರಾಯ್ರೆ ಅದು.

ಅವರ ದೊಡ್ಡ ಸ್ಕ್ಯಾನರ್ ನನ್ನ ಕಾರನ್ನು ನೋಡುವುದು ಒಂದು ಗಂಟೆ. ಈ ಸಣ್ಣದು ದಿನಾ ಕಾರಲ್ಲೇ ಇರುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ಬೆಳಿಗ್ಗೆ ಸ್ಕ್ಯಾನರ್ ಚುಚ್ಚಿ, ಕೀ ತಿರುಗಿಸಿ, ನೀಲಿ ದೀಪ ಮಿನುಗುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಗಾಜಿನ ಒಳಗಿನ ಮಂಜು ಒರೆಸಿ ಆಗುತ್ತದೆ. ಡ್ಯಾಶ್‌ಬೋರ್ಡಲ್ಲಿ ಒಂದು ಪಾಕೆಟ್ ಡೈರಿ ಇದೆ, ಮಳೆಗೆ ಅದರ ಹಾಳೆ ಎಲ್ಲ ಮೆತ್ತಗಾಗಿದೆ. ಲೈಟು ಬಂದ ದಿನ ಗಾಡಿ ಬದಿಗೆ ಹಾಕಿ ಕೋಡ್, ಆ ಕ್ಷಣದ ವೇಗ, ಕೂಲಂಟ್ ಬಿಸಿ, ಮಳೆ ಇತ್ತೋ ಇಲ್ಲವೋ, ಇಷ್ಟನ್ನು ಪೆನ್ಸಿಲಲ್ಲಿ ಬರೆದುಕೊಳ್ಳುತ್ತಿದ್ದೆ. ಪೆನ್ನು ಆ ಹಾಳೆಯಲ್ಲಿ ಹಿಡಿಯುವುದಿಲ್ಲ.

ಪ್ರತಿ ಸಲ ಬಂದದ್ದು ಯು 0121. ಎಬಿಎಸ್ ಕಡೆಯಿಂದ ಮಾತು ನಿಂತಿದೆ ಅಂತ ಎಂಜಿನ್ ಕಂಪ್ಯೂಟರ್ ಹೇಳುವ ದೂರು ಅದು. ಈಗಿನ ಕಾರುಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ವೈರ್ ಇಲ್ಲ ಅಲ್ವಾ, ಹೆಣೆದ ಎರಡು ವೈರಿನ ಮೇಲೆ ಕಾರಿನ ಎಲ್ಲ ಕಂಪ್ಯೂಟರ್‌ಗಳೂ ಮಾತಾಡುತ್ತವೆ. ಬಾಷ್‌ನವರು 1986ರಲ್ಲಿ ಹೊರತಂದ ಕ್ಯಾನ್ ಅಂದರೆ ಇದೇ. ಚಕ್ರದ ವೇಗ ಹೇಳುವುದು ಎಬಿಎಸ್. ಅದು ಸುಮ್ಮನಾದರೆ ಮೀಟರಿಗೂ ಸ್ಟೀರಿಂಗಿಗೂ ಆ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಸ್ಟೀರಿಂಗ್ ಹಾಳಾಗಿರಲಿಲ್ಲ, ಮೀಟರೂ ಹಾಳಾಗಿರಲಿಲ್ಲ.

ಇಲ್ಲಿಂದ ಮುಂದೆ ಸ್ಕ್ಯಾನರ್ ಮೇಲೆ ನನಗೆ ಸಿಟ್ಟು ಬಂತು. ಯಾರು ಮಾತು ನಿಲ್ಲಿಸಿದರು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಎಬಿಎಸ್ ಒಳಗಿನ ಕೋಡ್ ಓದಲು ಇದರ ಕೈಲಿ ಆಗುವುದಿಲ್ಲ. ಬ್ಲೂಟೂತ್ ಬೇಕಾದಾಗಲೇ ಕಡಿದುಹೋಗುತ್ತದೆ. ಆ್ಯಪಿನಲ್ಲಿ ಓದುವ ಬಟನ್ ಪಕ್ಕದಲ್ಲೇ ಅಳಿಸುವ ಬಟನ್ ಇಟ್ಟಿದ್ದಾರೆ, ಒಂದು ದಿನದ ದಾಖಲೆ ಹಾಗೆಯೇ ಹೋಯಿತು. ಇನ್ನೊಂದು ಮುಖ್ಯ ವಿಷಯ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಕರೆಂಟು ಬರುತ್ತಲೇ ಇರುತ್ತದೆ. ಚುಚ್ಚಿಟ್ಟು ಒಂಬತ್ತು ದಿನ ಊರಿಗೆ ಹೋಗಿದ್ದೆ, ಬಂದಾಗ ಬ್ಯಾಟರಿ ಡೆಡ್. ಕಾರು ನಿಲ್ಲಿಸಿದರೆ ಕಿತ್ತಿಡಿ.

ಆದರೆ ಆ ಡೈರಿ ಮಾತ್ರ ದಾರಿ ತೋರಿಸಿತು. ಹನ್ನೊಂದು ಸಲ ಬರೆದಿದ್ದೆ. ಹನ್ನೊಂದು ಸಲವೂ ವೇಗ ಗಂಟೆಗೆ 14ರಿಂದ 17 ಕಿ.ಮೀ., ಎಂಜಿನ್ ತಣ್ಣಗೆ. ದಾರಿಯಲ್ಲಿ ಬೈಕಂಪಾಡಿ ದಾಟಿದ ಮೇಲೆ ಒಮ್ಮೆಯೂ ಇಲ್ಲ, ಕೊಟ್ಟಾರ ಚೌಕಿಯ ನೀರಲ್ಲೂ ಇಲ್ಲ. ಕಾರು ಹೊರಟು ಮೊದಲ ಸಲ ಆ ವೇಗ ಮುಟ್ಟಿದಾಗ ಎಬಿಎಸ್ ತನ್ನ ಪಂಪ್ ಮೋಟಾರನ್ನು ಒಮ್ಮೆ ತಿರುಗಿಸಿ ನೋಡುತ್ತದೆ, ಬಾನೆಟ್ ಕಡೆಯಿಂದ ಗುರ್ ಅಂತ ಕೇಳಿಸುತ್ತದೆ. ಮೋಟಾರು ತುಂಬಾ ಕರೆಂಟು ಎಳೆಯುವ ಕ್ಷಣ ಅದು.

ಆಗ ಮಲ್ಟಿಮೀಟರ್ ತೆಗೆದೆ. ಕ್ಯಾನ್‌ನ ಆ ಎರಡು ವೈರು ಸಾಕೆಟ್ಟಿನ 6 ಮತ್ತು 14ನೇ ಪಿನ್ನಿಗೆ ಬರುತ್ತವೆ, ಬ್ಯಾಟರಿ ಬಿಚ್ಚಿ ಅವುಗಳ ಮಧ್ಯೆ ಅಳೆದರೆ 60 ಓಮ್. ಎರಡು ತುದಿಯಲ್ಲಿ 120ರ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಬಂದರೆ ಸರಿ, ಒಂದು ಕಡೆ ಕಡಿದಿದ್ದರೆ 120 ತೋರಿಸುತ್ತದೆ. ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ, ಆದರೂ ಹಾರ್ನೆಸ್ (ವೈರಿನ ಕಟ್ಟು) ಬಿಚ್ಚುವ ಯೋಚನೆ ಬಿಟ್ಟೆ. ಮೋಟಾರು ಎಳೆಯುವ ಕರೆಂಟು ವಾಪಸ್ ಹೋಗುವ ಅರ್ಥ್ ಮೇಲೆ ಅನುಮಾನ ಬಂತು. ಮೀಟರಿನ ಒಂದು ವೈರು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಬಿಎಸ್‌ನ ಅರ್ಥ್ ವೈರಿಗೆ ಕಟ್ಟಿ, ಅತಿ ಹೆಚ್ಚು ಬಂದ ಅಂಕಿ ಹಿಡಿದಿಡುವ ಮ್ಯಾಕ್ಸ್ ಬಟನ್ ಒತ್ತಿ ಬೆಳಿಗ್ಗೆ ಗೇಟು ದಾಟಿದೆ. ಗುರ್ ಅಂತು, ಲೈಟು ಬಂತು. ಮೀಟರಲ್ಲಿ 4.6 ವೋಲ್ಟ್. ಅಲ್ಲಿ 0.1 ದಾಟಬಾರದು. ಅಷ್ಟು ವೋಲ್ಟ್ ಅರ್ಥ್ ದಾರಿಯಲ್ಲೇ ಹೋದರೆ ಎಬಿಎಸ್‌ಗೆ ಸಾಕಾಗದೆ ಅದು ಸುಮ್ಮನಾಗುತ್ತದೆ.

ಬ್ಯಾಟರಿ ಟ್ರೇ ಕೆಳಗೆ ಆ ಅರ್ಥ್ ಬೋಲ್ಟ್ ಇತ್ತು. ಮೇಲಿಂದ ನೋಡಿದರೆ ಗಟ್ಟಿಯಾಗಿಯೇ ಇದೆ. ಬಿಚ್ಚಿದಾಗ ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಕಿಲುಬು, ಬಾಡಿಯ ಕಡೆ ತುಕ್ಕಿನ ಪುಡಿ. ಸಮುದ್ರದ ಗಾಳಿ ಮತ್ತು ನಮ್ಮ ಮಳೆ ಸೇರಿದರೆ ಇನ್ನೇನಾಗುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಹೊಸ ಲಗ್ ಹಾಕಿಸಿ, ಬಿಗಿ ಮಾಡಿ ಮೇಲೆ ವ್ಯಾಸಲಿನ್ ಹಚ್ಚಿದೆ. ಲಗ್ಗಿಗೂ ಕೂಲಿಗೂ ಸೇರಿ 150 ರೂಪಾಯಿ. ಮರುದಿನ ಅಳೆದರೆ 0.06.

ಕರಾವಳಿಯಲ್ಲಿ ಹಳೇ ಕಾರು ಇಟ್ಟುಕೊಂಡವರು ಈ ಸ್ಕ್ಯಾನರ್ ಧೈರ್ಯವಾಗಿ ತಗೊಳ್ಳಿ, ಆದರೆ ಮ್ಯಾಕ್ಸ್ ಬಟನ್ ಇರುವ ಮಲ್ಟಿಮೀಟರೂ ಒಂದು ಬೇಕು. ಬ್ರೇಕು, ಏರ್‌ಬ್ಯಾಗ್ ವೈರಿಗೆ ಗೊತ್ತಿಲ್ಲದೆ ಕೈ ಹಾಕಬೇಡಿ, ಒಳ್ಳೆಯ ಎಲೆಕ್ಟ್ರಿಷಿಯನ್ ಹತ್ತಿರ ಡೈರಿ ಕೊಂಡುಹೋಗಿ. ಇದು ಮೂರನೇ ಮಳೆಗಾಲ. ಬೆಳಿಗ್ಗೆ ಗುರ್ ಅನ್ನುತ್ತದೆ, ಮುಳ್ಳು ಬೀಳುವುದಿಲ್ಲ. ಆದರೂ ಕಾರು ಹೊರಡಿಸುವ ಮೊದಲು ಆ ನೀಲಿ ದೀಪಕ್ಕೆ ಈಗಲೂ ಕಾಯುತ್ತೇನೆ.