ಅದಿರು ತೆಗೆದ ಹೊಲಕ್ಕೆ ಸಿಟಿ ಕಾಂಪೋಸ್ಟ್ ಹಾಕಿ ಎರಡು ಮಳೆಗಾಲ

ಗೊಬ್ಬರಕ್ಕೆ ನಾಲ್ಕು ಸ್ಟಾರ್, ಮಾರಿದವರಿಗೆ ಎರಡು. ಅವರ ಹೆಸರು ಹಾಕುವುದಿಲ್ಲ.

ಸಂಡೂರು ಕಡೆ ನಮ್ಮದು ಎರಡೆಕರೆ ಕೆಂಪು ಹೊಲ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚೆ, ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲದಲ್ಲಿ, ಮಾವನವರು ಅದನ್ನು ಫ್ಲೋಟ್ ಓರ್ (ಮೇಲ್ಮಣ್ಣಿನಲ್ಲೇ ಸಿಗುವ ಬಿಡಿ ಅದಿರು) ತೆಗೆಯುವವರಿಗೆ ಕೊಟ್ಟಿದ್ದರು. ಸಜ್ಜೆ ಬೆಳೆದರೆ ವರ್ಷಕ್ಕೂ ಕಾಣದ ದುಡ್ಡು ತಿಂಗಳಲ್ಲಿ ಬಂತು. ಬಂದ ಹಾಗೇ ಹೋಯಿತು, ಆ ಕಥೆ ಬೇಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಮೇಲ್ಮಣ್ಣು ಗುಂಡಿಯ ತಳದಲ್ಲಿತ್ತು, ಗರಸು ಮೇಲಿತ್ತು.

ಜೆಸಿಬಿ ತರಿಸಿ ಮಟ್ಟ ಮಾಡಿಸಿ, ಬದು ಹಾಕಿಸಿದೆವು. ಕೊಟ್ಟಿಗೆ ಗೊಬ್ಬರದ ರೇಟು ಕೇಳಿಯೇ ಸುಸ್ತಾದೆವು. ಅದಕ್ಕೇ ಊರ ಹಸಿ ಕಸದಿಂದ ಮಾಡಿದ ಸಿಟಿ ಕಾಂಪೋಸ್ಟ್, ಎಕರೆಗೆ ಎಂಟು ಟನ್.

ಮೊದಲ ಲೋಡು ಬಂದಾಗ ಕೈ ಇಟ್ಟರೆ ಬಿಸಿ, ನಾತ ಬೇರೆ. ಮನೆಯ ಜರಡಿ ಹಿಡಿದೆ. ಶಾಂಪೂ ಪೊಟ್ಟಣ, ಬಾಟಲಿ ಚೂರು, ಮಗುವಿನ ಒಂದು ಚಪ್ಪಲಿ. ಫೋನ್ ಮಾಡಿದರೆ, "ಅಕ್ಕಾ, ಮಣ್ಣಿಗೆ ಹಾಕೋದು ತಾನೆ" ಅಂದರು. ಬರಿಗಾಲಲ್ಲಿ ಕಳೆ ತೆಗೆಯುವವರು ನಾವು ಅಲ್ವಾ? ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇದರಲ್ಲಿ ಶೇಕಡಾ 90 ಭಾಗ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಸಾವಯವ ಇಂಗಾಲ ಕನಿಷ್ಠ ಶೇ. 12, ಸೀಸ ಕಿಲೋಗೆ 100 ಮಿಲಿಗ್ರಾಂ ದಾಟಬಾರದು. ಪರೀಕ್ಷೆಯ ವರದಿ ಕೇಳಿದೆ, ಎರಡನೇ ಲೋಡಿನ ಜೊತೆ ಕಳಿಸಿದರು. ಆ ಲೋಡು ಚೆನ್ನಾಗಿತ್ತು: ಕಪ್ಪು, ಪುಡಿಪುಡಿ, ಮಳೆ ಬಿದ್ದ ಮಣ್ಣಿನ ವಾಸನೆ.

ನನ್ನ ತಪ್ಪೂ ಇದೆ. ಆತುರಕ್ಕೆ ಬಿದ್ದು ಒಂದು ಮೂಲೆಗೆ ಮೊದಲ ಲೋಡಿನದ್ದನ್ನೇ ಹರಡಿ ಸಜ್ಜೆ ಬಿತ್ತಿದೆ. ಮೊಳಕೆ ಬಂದು ಹಳದಿ ತಿರುಗಿತು. ಅರೆಬೆಂದ ಗೊಬ್ಬರ ಹೊಲದಲ್ಲೇ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತದಂತೆ. ಉಳಿದಿದ್ದನ್ನು ಬೇವಿನ ನೆರಳಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಮೂರು ತಿಂಗಳು ಆಗಾಗ ಮಗುಚಿ ಆಮೇಲೆ ಬಳಸಿದೆ. ತರಿಸುವವರು ಮೊದಲು ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಮೂರು ದಿನ ಬಿಟ್ಟು ಬಿಚ್ಚಿದಾಗ ನಾತ ಹೊಡೆದರೆ ವಾಪಸ್ ಕಳಿಸಿ.

ಮೊದಲ ವರ್ಷ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೇ ಸೇರಿಸಿದೆವು. ಎರಡನೇ ವರ್ಷ ಸಜ್ಜೆ ಸೊಂಟದೆತ್ತರ ಬಂತು. ಇಳುವರಿ ಜಾಸ್ತಿ ಏನಲ್ಲ, ಮನೆಗೆ ಆಯಿತು ಅಷ್ಟೆ. ನನಗೆ ಖುಷಿ ಕೊಟ್ಟಿದ್ದು ನೀರು. ಮುಂಚೆ ಮಳೆ ಬಂದರೆ ಕೆಂಪು ನೀರು ಸೀದಾ ರಸ್ತೆಗೆ ಓಡುತ್ತಿತ್ತು. ಈಗ ಹೊಲದಲ್ಲೇ ಇಂಗುತ್ತದೆ, ಸಲಿಕೆ ಹಾಕಿದರೆ ಎರೆಹುಳು ಸಿಗುತ್ತದೆ. ಅದಿರು ಗುಡ್ಡೆ ಹಾಕಿದ್ದ ಜಾಗದಲ್ಲಿ ಮಾತ್ರ ಇನ್ನೂ ಹುಲ್ಲೂ ಇಲ್ಲ.

ಮಾವನವರು ಬೆಳಿಗ್ಗೆ ಹಳೇ ಪೇಂಟ್ ಡಬ್ಬ ಹಿಡಿದು ಹೊಲಕ್ಕೆ ಹೋಗುತ್ತಾರೆ, ಗಾಜಿನ ಚೂರು ಆರಿಸಲು. ಮೂರನೇ ಡಬ್ಬ ಅರ್ಧ ತುಂಬಿದೆ.