ಉದ್ಯಮಬಾಗದ ಒಂದು ಪ್ಯಾಟರ್ನ್ ಶಾಪ್: ಸಣ್ಣ ಘಟಕದವರು ಒಮ್ಮೆ ಹೋಗಿ ಬರಬೇಕು

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಪ್ಯಾಟರ್ನ್, ಅಂದರೆ ಎರಕದ ಮರಳಿನ ಅಚ್ಚು ಒತ್ತಲು ಬೇಕಾದ ಕಟ್ಟಿಗೆ ಮಾದರಿ, ಮಾಡಿಕೊಡುವವರಿಗೆ ಬರವಿಲ್ಲ. ನಾನು ಬರೆಯುತ್ತಿರುವುದು ಒಳಗಿನ ಓಣಿಯ ಪುಟ್ಟ ಶಾಪ್ ಬಗ್ಗೆ. ಒಬ್ಬ ಮಿಸ್ತ್ರಿ, ಇಬ್ಬರು ಹುಡುಗರು, ಒಂದು ಬ್ಯಾಂಡ್ ಸಾ, ಒಂದು ಕಟ್ಟಿಗೆ ಲೇತ್, ಅಷ್ಟೇ. ಮಚ್ಛೆಯಲ್ಲಿ ನಮ್ಮದು ಮೇವು ಕತ್ತರಿಸುವ ಮಶಿನ್ ತಯಾರಿಸುವ ಸಣ್ಣ ಘಟಕ. ಅದರ ಶಾಫ್ಟಿನ ಬೇರಿಂಗ್ ಕೂರುವ ಕವಚ, ಅಂದರೆ ಬೇರಿಂಗ್ ಹೌಸಿಂಗ್‌ಗೆ ಇಲ್ಲಿ ಪ್ಯಾಟರ್ನ್ ಮಾಡಿಸಿದೆ.

ಮನೆಯಲ್ಲಿ ಎರಡು ಎಮ್ಮೆ ಕಟ್ಟಿದವರು ಸಣ್ಣ ಮಶಿನ್ ಒಯ್ಯುತ್ತಾರೆ. ಅದಕ್ಕೆ 40 ಎಂಎಂ ಶಾಫ್ಟ್, 6208 ನಂಬರಿನ ಬೇರಿಂಗ್. ಡೇರಿಯವರಿಗೆ ದೊಡ್ಡದೇ ಬೇಕು: 45 ಎಂಎಂ ಶಾಫ್ಟ್, 6209. ಹಿಂಗಾರಿ ಜೋಳ ಕೊಯ್ದು ಕಣಿಕೆ ಮನೆಗೆ ಬರುವ ಹೊತ್ತಿಗೆ ಯಾವುದು ಎಷ್ಟು ಮಾರುತ್ತದೆಂದು ಮೊದಲೇ ತಿಳಿಯುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಾಸ್ಟಿಂಗ್ (ಎರಕದ ತುಂಡು) ತರಿಸಿಟ್ಟರೆ ಒಂದು ಖಾಲಿಯಾಗುತ್ತದೆ, ಇನ್ನೊಂದು ತುಕ್ಕು ಹಿಡಿಯುತ್ತ ಬೀಳುತ್ತದೆ. ದುಡ್ಡೂ ಅದರ ಜೊತೆಗೇ ಬೀಳುತ್ತದೆ.

ನಾನು ಎರಡು ಡ್ರಾಯಿಂಗ್ ಒಯ್ದಿದ್ದೆ. ಮಿಸ್ತ್ರಿ ಎರಡನ್ನೂ ಬೆಂಚಿನ ಮೇಲೆ ಹಾಸಿ, ವರ್ನಿಯರ್ ಹಿಡಿದು ಬೇರಿಂಗ್‌ಗಳ ಹೊರ ವ್ಯಾಸ ನೋಡಿದರು. 80, 85. "ಐದ್ ಎಂಎಂ ಸಲುವಾಗಿ ಎರಡು ಪ್ಯಾಟರ್ನ್ ಯಾಕ್ರೀ ಸಾವಕಾರ್ರ? ಹೊರಗಿಂದು ದೊಡ್ಡದರ ಅಳತಿಗೆ ಇಡೂಣು, ಒಳಗಿನ ಕೋರ್ ಸಣ್ಣದರ ಅಳತಿಗೆ. ಆರ್ಡರ್ ಬಂದ ಮ್ಯಾಲ ಬೇಕಾದಷ್ಟು ಬೋರ್ ಮಾಡ್ಕೊಳ್ರಿ."

ಕೋರ್, ಅಂದರೆ ಎರಕದೊಳಗೆ ತೂತು ಉಳಿಸುವ ಮರಳಿನ ಗಟ್ಟಿ, 74 ಎಂಎಂ ಇಟ್ಟರು. 80ಕ್ಕೆ ಬೋರ್ ಮಾಡಿದರೆ, ಅಂದರೆ ಲೇತ್ ಮೇಲೆ ತೂತು ಅಗಲಿಸಿದರೆ, ಸುತ್ತ 3 ಎಂಎಂ ತೆಗೆಯಬೇಕು, 85ಕ್ಕಾದರೆ ಐದೂವರೆ. ಸಣ್ಣ ಹೌಸಿಂಗ್‌ಗೆ ಸುಮಾರು 350 ಗ್ರಾಂ ಕಬ್ಬಿಣ ಹೆಚ್ಚಿಗೆ ಹೋಗುತ್ತದೆ, ದೊಡ್ಡದಕ್ಕೆ ಲೇತ್ ಮೇಲೆ ಒಂದೆರಡು ಕಟ್ ಹೆಚ್ಚು. ಆ ಖರ್ಚು ನನಗೆ ಸಂತೋಷದಿಂದ ಒಪ್ಪಿಗೆ. ಈಗ ಸ್ಟೋರಿನಲ್ಲಿ ಒಂದೇ ನಮೂನೆ ಕಾಸ್ಟಿಂಗ್ ಇದೆ. ಯಾವ ಮಶಿನ್‌ಗೆ ಹೋಗಬೇಕೆಂಬುದು ಗಿರಾಕಿ ಅಡ್ವಾನ್ಸ್ ಕೊಟ್ಟ ಮೇಲೆ ತೀರ್ಮಾನ. ಪ್ಯಾಟರ್ನಿನ ಕೆಳಗಿನ ಪಾದವನ್ನೂ ಡೋವೆಲ್ ಪಿನ್ (ಜೋಡಿಸುವ ಗೂಟ) ಹಾಕಿ ಬಿಚ್ಚುವ ಹಾಗೆ ಮಾಡಿದ್ದಾರೆ. ನಾಳೆ ಸ್ಟ್ಯಾಂಡಿನ ಎತ್ತರ ಬದಲಾದರೆ ಆ ತುಂಡಷ್ಟೇ ಹೊಸದು.

ದೂರದ ಊರಿನಿಂದ ಕಾಸ್ಟಿಂಗಿಗೆ ಇದಕ್ಕಿಂತ ಕಡಿಮೆ ದರ ಬಂದಿತ್ತು, ಆದರೆ ಒಂದೇ ಸಲಕ್ಕೆ ದೊಡ್ಡ ಲಾಟ್ ಎತ್ತಬೇಕೆಂಬ ಶರತ್ತು. ಇಲ್ಲಿ ಎರಕ ಹೊಯ್ಯುವ ಫೌಂಡ್ರಿಯೂ ಹತ್ತಿರ. ಮೊದಲ ಎರಕದಲ್ಲಿ ಪಾದದ ಮೂಲೆಯ ಮರಳು ಕಿತ್ತು ಬಂದಾಗ ಮಿಸ್ತ್ರಿ ತಾವೇ ಹೋಗಿ ಮೋಲ್ಡ್ ನೋಡಿದರು, ಮೂಲೆಗೆ ಫಿಲೆಟ್ (ದುಂಡನೆಯ ತಿರುವು) ದೊಡ್ಡದು ಮಾಡಿ ಅದೇ ದಿನ ಪ್ಯಾಟರ್ನ್ ವಾಪಸ್ ಕೊಟ್ಟರು. ಆ ಬೆಲೆ ಯಾವ ಕೊಟೇಶನ್‌ನಲ್ಲೂ ಕಾಣುವುದಿಲ್ಲ.

ಕೊರತೆಯೂ ಇದೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ತಡವಾಗುತ್ತದೆಂದು ಫೋನೂ ಬರುವುದಿಲ್ಲ. ಗಣಪತಿ ಹಬ್ಬದ ಸುತ್ತಮುತ್ತ ಹೋಗಲೇಬೇಡಿ. ಪ್ಯಾಟರ್ನ್ ಅಲ್ಲೇ ಬಿಟ್ಟು ಬರಬೇಡಿ. ಹಿಂದಿನ ಕೋಣೆಯಲ್ಲಿ ತೇವ ಬಹಳ, ಬೆಳಗಾವಿಯ ಮಳೆಗಾಲದಲ್ಲಿ ಕಟ್ಟಿಗೆ ಡೊಂಕಾಗುತ್ತದೆ. ಡ್ರಾಯಿಂಗ್ ತಿದ್ದಿದಾಗಲೆಲ್ಲ ಪ್ಯಾಟರ್ನ್ ಮೇಲೆ ಪೇಂಟಿನಲ್ಲಿ ನಂಬರ್ ಬರೆಸಿ, ಅವರಾಗಿ ಬರೆಯುವುದಿಲ್ಲ.

ಪ್ರತಿ ತಿಂಗಳು ಸಾವಿರಗಟ್ಟಲೆ ಒಂದೇ ನಮೂನೆ ಬೇಕಾದವರು ಅಲ್ಯೂಮಿನಿಯಂ ಮ್ಯಾಚ್ ಪ್ಲೇಟ್ (ಪ್ಯಾಟರ್ನ್ ಕೂರಿಸಿದ ಲೋಹದ ಹಲಗೆ) ಮಾಡುವ ದೊಡ್ಡ ಶಾಪ್‌ಗೆ ಹೋಗುವುದೇ ಒಳ್ಳೆಯದು. ಇಪ್ಪತ್ತು, ಮೂವತ್ತರ ಲೆಕ್ಕದಲ್ಲಿ ಎರಕ ಹೊಯ್ಯಿಸಿ, ಆಗಾಗ ಡಿಸೈನ್ ತಿದ್ದುವವರು ಇಲ್ಲಿಗೆ ಬನ್ನಿ. ಬರುವಾಗ ಡ್ರಾಯಿಂಗ್ ಜೊತೆ ಬೇರಿಂಗನ್ನೂ ತನ್ನಿ, ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿಯದೆ ಮಾತೇ ಶುರು ಮಾಡುವುದಿಲ್ಲ.