ಫೋರ್ಕೋ, ಟಿಲ್ಲರೋ, ರಟ್ಟಿನ ಹೊದಿಕೆಯೋ? ಬಿತ್ತನೆಗೆ ಮುಂಚೆ ಮಾಡಿ ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮಣ್ಣು ಅಗೆಯುವ ನಾಲ್ಕು ಹಲ್ಲಿನ ಫೋರ್ಕ್‌ಗೆ. ಮನೆ ಹಿಂದೆ ಒಂದಿಷ್ಟು ಜಾಗ ಇದೆ, ಬಿತ್ತನೆಗೆ ಮುಂಚೆ ಮಣ್ಣು ಸಡಿಲ ಮಾಡಿ ಪಾತಿ ಕಟ್ಟಬೇಕು, ಏನು ತರಲಿ ಅಂತ ಯಾರಾದರೂ ಕೇಳಿದರೆ ಎರಡನೇ ಯೋಚನೆ ಇಲ್ಲದೆ ಅದನ್ನೇ ಹೇಳುತ್ತೇನೆ. ಸುಮ್ನೆ ಹೇಳುತ್ತಿಲ್ಲ. ಒಂದೇ ಹಿತ್ತಲಿನ ಅಕ್ಕಪಕ್ಕದ ಪಟ್ಟಿಗಳಲ್ಲಿ ಫೋರ್ಕ್, ಪೆಟ್ರೋಲ್ ಮಿನಿ ಟಿಲ್ಲರ್ (ತಿರುಗುವ ಹಲ್ಲಿನಿಂದ ಮಣ್ಣು ಅಗೆಯುವ ಚಿಕ್ಕ ಯಂತ್ರ), ಸನಿಕೆ, ಜೊತೆಗೆ ಅಗೆಯದೆ ರಟ್ಟು ಹೊದಿಸುವ ವಿಧಾನ, ನಾಲ್ಕನ್ನೂ ಮಾಡಿ ನೋಡಿದ್ದೇನೆ. ಟಿಲ್ಲರ್ ಗೆಳೆಯರದು. ಕೊಳ್ಳುವ ಮುಂಚೆ ಓಡಿಸಿ ನೋಡೋಣ ಅಂತ ತಂದುಕೊಂಡಿದ್ದೆ. ಫೋರ್ಕ್ ನಾನೇ ದುಡ್ಡು ಕೊಟ್ಟು ತಂದದ್ದು, ಖರ್ಚು ಮಾಡಿದ್ದಕ್ಕೆ ಪೂರ್ತಿ ಸಮಾಧಾನ ಇದೆ.

ಜಾಗ ಎಂಥದ್ದು ಅನ್ನೋದು ಇಲ್ಲಿ ಮುಖ್ಯ. ಬೆಳೆ ಇಲ್ಲದೆ ಖಾಲಿ ಬಿದ್ದಿದ್ದ ನೆಲ. ಮೇಲೆ ಗರಿಕೆ ಹಬ್ಬಿತ್ತು, ನಡುನಡುವೆ ಕೊನ್ನಾರಿ ಗಡ್ಡೆ ಎದ್ದಿತ್ತು. ಈ ಎರಡು ಕಳೆಗಳ ಪರಿಚಯ ಇದ್ದವರಿಗೆ ಮುಂದಿನ ಕಥೆ ಅರ್ಧ ಗೊತ್ತಾಗಿರುತ್ತದೆ.

ಟಿಲ್ಲರಿನ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು. ವೇಗಕ್ಕೆ ಅದಕ್ಕೆ ಸಾಟಿ ಇಲ್ಲ. ಒಮ್ಮೆ ಸಡಿಲಾದ ಮಣ್ಣಿಗೆ ಗೊಬ್ಬರ ಬೆರೆಸಲು ಅದರಷ್ಟು ಚೆನ್ನಾಗಿ ಕೈಯಿಂದ ಆಗುವುದಿಲ್ಲ. ಕೆಲಸ ಮುಗಿದಾಗ ನೆಲ ನೋಡಲು ಬಹಳ ಚಂದ, ಹೆಂಟೆಯೇ ಇರುವುದಿಲ್ಲ. ಗಟ್ಟಿ ನೆಲದಲ್ಲಿ ಮೊದಲ ಸುತ್ತಿನಲ್ಲಿ ಒಳಗೆ ಇಳಿಯದೆ ಮೇಲೆ ಮೇಲೆ ಕುಣಿಯುತ್ತದೆ, ತೋಳು ನೋಯುತ್ತದೆ. ಆದರೂ ಎರಡು ಮೂರು ಸುತ್ತು ಹಾಕಿದರೆ ದಾರಿಗೆ ಬರುತ್ತದೆ. ಇದೆಲ್ಲ ತಡೆದುಕೊಳ್ಳಬಹುದು.

ತಡೆದುಕೊಳ್ಳಲಾಗದ್ದು ಹುಲ್ಲು ಸುತ್ತಿಕೊಳ್ಳುವುದು.

ಗರಿಕೆಯ ಬಳ್ಳಿ ಉದ್ದ, ಗಟ್ಟಿ, ಬಾಗುತ್ತದೆ ಆದರೆ ಸುಲಭಕ್ಕೆ ತುಂಡಾಗುವುದಿಲ್ಲ. ಟಿಲ್ಲರಿನ ಹಲ್ಲು ತಿರುಗುವಾಗ ಒಂದು ತುದಿ ಸಿಕ್ಕಿಕೊಂಡರೆ ಸಾಕು, ಇಡೀ ಬಳ್ಳಿ ಎಳೆದುಕೊಂಡು ಹಲ್ಲು ಕೂರಿಸಿದ ಸರಳಿಗೆ, ಅಂದರೆ ಶಾಫ್ಟ್‌ಗೆ ನೂಲಿನ ಉಂಡೆಯ ಹಾಗೆ ಸುತ್ತುತ್ತದೆ. ಅದರ ಮೇಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಹಲ್ಲುಗಳ ನಡುವಿನ ಸಂದೆಲ್ಲ ತುಂಬಿ, ಅಗೆಯುವ ಹಲ್ಲಿನ ಬದಲು ಒಂದು ದಪ್ಪ ರೋಲರ್ ನೆಲದ ಮೇಲೆ ಉರುಳುತ್ತಿರುತ್ತದೆ. ಎಂಜಿನ್ ಶಬ್ದ ಮಾಡುತ್ತಲೇ ಇರುತ್ತದೆ, ಮಣ್ಣು ಮಾತ್ರ ಅಗೆಯುವುದಿಲ್ಲ.

ಬಿಡಿಸುವುದು ಹೇಗೆ ಅಂತ ಕೇಳಿ. ಎಂಜಿನ್ ಆಫ್ ಮಾಡಬೇಕು. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕೆ ಇಡಬೇಕು. ಕೈ ಹಾಕುವಾಗ ಹಲ್ಲು ತಿರುಗಿ ಎಂಜಿನ್ ಸ್ಟಾರ್ಟ್ ಆಗಬಾರದು, ಕ್ಯಾಪ್ ಕೀಳುವುದನ್ನು ಯಾವತ್ತೂ ತಪ್ಪಿಸಬೇಡಿ. ಆಮೇಲೆ ಯಂತ್ರವನ್ನು ಪೆಟ್ರೋಲ್ ಚೆಲ್ಲದ ಹಾಗೆ ಓರೆ ಮಾಡಿ ಚಾಕುವಿನಿಂದ ಹುಲ್ಲನ್ನು ಸೀಳಬೇಕು. ಮೇಲಿನ ಪದರ ಬೇಗ ಬರುತ್ತದೆ. ಒಳಗಿನದು ಅಷ್ಟು ಬಿಗಿಯಾಗಿ ಕೂತಿರುತ್ತದೆ ಅಂದರೆ ಚಾಕುವಿನ ಮೊನೆಯೇ ಹೋಗುವುದಿಲ್ಲ. ಆಗ ಪಿನ್ ತೆಗೆದು ಹಲ್ಲಿನ ಸೆಟ್ಟನ್ನೇ ಶಾಫ್ಟ್‌ನಿಂದ ಜಾರಿಸಬೇಕು. ಪಿನ್‌ನ ತೂತಿಗೆ ಒದ್ದೆ ಮಣ್ಣು ಹೊಕ್ಕಿರುತ್ತದೆ, ಅದನ್ನು ಕೆದಕಬೇಕು. ಇಷ್ಟೆಲ್ಲ ಮಾಡಿ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದರೆ ಪಟ್ಟಿಯ ಆ ತುದಿಗೆ ಹೋಗುವಷ್ಟರಲ್ಲಿ ಮತ್ತೆ ಅದೇ ಸ್ಥಿತಿ.

ಇದು ಬರೀ ಸಮಯದ ಪ್ರಶ್ನೆ ಅಲ್ಲ. ಗೇರ್ ಬಾಕ್ಸಿನ ಪಕ್ಕದಲ್ಲಿ, ಶಾಫ್ಟ್ ಹೊರಗೆ ಬರುವ ಕಡೆ ಆಯಿಲ್ ಸೀಲ್ ಇರುತ್ತದೆ. ಹುಲ್ಲಿನ ನಾರು ಅಲ್ಲಿಗೆ ನುಗ್ಗಿ ಒತ್ತಿದರೆ ಸೀಲ್ ಹಾಳಾಗಿ ಎಣ್ಣೆ ಸೋರುತ್ತದೆ. ಆದ್ದರಿಂದ ‘ಇನ್ನೊಂದು ಸಾಲು ಮುಗಿಸಿ ಬಿಡಿಸೋಣ’ ಅಂತ ಮುಂದೂಡಲೂ ಆಗುವುದಿಲ್ಲ. ಅದು ಗೆಳೆಯರ ಯಂತ್ರ ಬೇರೆ, ನಾನಂತೂ ಪ್ರತಿ ಸಲ ನಿಲ್ಲಿಸಿ ಪೂರ್ತಿ ಬಿಡಿಸಿದೆ. ಟಿಲ್ಲರ್ ಹಾಕುವ ಮುಂಚೆ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಗುಡಿಸಿ ತೆಗೆದರೆ ತೊಂದರೆ ಕಡಿಮೆಯಾಗುತ್ತದೆ. ಆದರೆ ಮಣ್ಣಿನೊಳಗಿನ ಬಳ್ಳಿ ಅಲ್ಲೇ ಇರುತ್ತದಲ್ವಾ? ಅದೂ ಸುತ್ತಿಕೊಳ್ಳುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಗರಿಕೆಯ ಬಳ್ಳಿಗೆ ಗಿಣ್ಣು ಗಿಣ್ಣಿಗೂ ಚಿಗುರುವ ಶಕ್ತಿ ಇದೆ. ಟಿಲ್ಲರ್ ಅದನ್ನು ಚೂರು ಚೂರು ಮಾಡಿ ಇಡೀ ಪಾತಿಗೆ ಬಿತ್ತಿಬಿಡುತ್ತದೆ. ಕೊನ್ನಾರಿ ಗಡ್ಡೆಯದು ಇನ್ನೂ ಕಷ್ಟ. ನೆಲದೊಳಗೆ ಅದರ ಗಡ್ಡೆಗಳು ತೆಳ್ಳನೆಯ ದಾರದಂಥ ಬೇರಿನಲ್ಲಿ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸಾಲಿನಲ್ಲಿ ಮುಂದಿರುವುದು ಚಿಗುರಿದರೆ ಹಿಂದಿನವು ಹೆಚ್ಚಾಗಿ ಮಲಗಿರುತ್ತವೆ. ಆ ದಾರ ಕಡಿದು ಹೋದರೆ ಮಲಗಿದ್ದ ಗಡ್ಡೆಗಳೂ ಎಚ್ಚರಗೊಂಡು ಚಿಗುರುತ್ತವೆ. ಟಿಲ್ಲರ್ ಹಾಕಿದ ಪಟ್ಟಿಯಲ್ಲಿ ಮೊದಲು ಅಲ್ಲಲ್ಲಿ ಗುಂಪಾಗಿದ್ದ ಕೊನ್ನಾರಿ, ಮಳೆ ಬಿದ್ದು ಸ್ವಲ್ಪ ದಿನಕ್ಕೆ ತಲೆ ಬಾಚಿದ ಹಾಗೆ ಸಮವಾಗಿ ಎದ್ದಿತು. ಬಿತ್ತಿದ ಬೀಜದ ಮೊಳಕೆ ಯಾವುದು, ಕಳೆ ಯಾವುದು ಅಂತ ಹುಡುಕುವ ಹಾಗಾಯಿತು. ಅಗೆಯುವಾಗ ಉಳಿದ ಸಮಯವನ್ನು ಕಳೆ ಕೀಳುವುದರಲ್ಲಿ ಬಡ್ಡಿ ಸಮೇತ ಕೊಟ್ಟೆ.

ಇನ್ನೊಂದು ವಿಷಯ, ಚಿಕ್ಕದು. ಟಿಲ್ಲರ್ ಮಣ್ಣನ್ನು ತುಂಬಾ ಪುಡಿ ಮಾಡಿದರೆ ಜೋರು ಮಳೆಗೆ ಮೇಲ್ಮೈ ಹೆಪ್ಪುಗಟ್ಟುತ್ತದೆ. ಸಣ್ಣ ಬೀಜಗಳ ಮೊಳಕೆ ಅದನ್ನು ಒಡೆದು ಬರಲು ಒದ್ದಾಡುತ್ತದೆ.

ಈಗ ಫೋರ್ಕ್. ಕಾಲಿಟ್ಟು ಒತ್ತಿ ಹಲ್ಲು ಪೂರ್ತಿ ಇಳಿಸಬೇಕು, ಹತ್ತಿರ ಹತ್ತಿರ 25 ಸೆಂಟಿಮೀಟರ್. ಹಿಡಿಯನ್ನು ನಿಮ್ಮ ಕಡೆಗೆ ಎಳೆಯಬೇಕು. ಮಣ್ಣು ಉಬ್ಬಿ ಬಿರುಕು ಬಿಡುತ್ತದೆ, ಅಷ್ಟೇ ಸಾಕು. ಎತ್ತಿ ಮಗುಚುವ ಅಗತ್ಯ ಇಲ್ಲ, ಸೊಂಟಕ್ಕೆ ಭಾರ ಬೀಳುವುದಿಲ್ಲ. ಒಂದು ಗೇಣು ಹಿಂದೆ ಸರಿದು ಮತ್ತೆ ಒತ್ತಿ. ಹಿಂದಕ್ಕೆ ಹಿಂದಕ್ಕೆ ಹೋಗುವುದರಿಂದ ಸಡಿಲ ಮಾಡಿದ ಮಣ್ಣನ್ನು ನೀವೇ ತುಳಿಯುವುದಿಲ್ಲ.

ಬಿರುಕು ಬಿಟ್ಟ ಹೆಂಟೆಯನ್ನು ಹಲ್ಲಿನಿಂದ ತಟ್ಟಿದರೆ ಒಡೆಯುತ್ತದೆ. ಆಗ ಗರಿಕೆಯ ಬಿಳಿ ಬಳ್ಳಿ ಕಾಣುತ್ತದೆ. ಅದರ ಕೊನೆ ಹಿಡಿದು ಮೆಲ್ಲಗೆ ಎಳೆದರೆ ಮೊಳದುದ್ದ ಇಡಿಯಾಗಿ ಬರುತ್ತದೆ, ಮಣ್ಣು ಉದುರುತ್ತಾ, ಒಂದೊಂದು ಗಿಣ್ಣು ಕಾಣುತ್ತಾ. ಕೊನ್ನಾರಿಯದೂ ಹಾಗೆಯೇ. ಗಿಡ ಹಿಡಿದು ಕಿತ್ತರೆ ಎಲೆ ಮಾತ್ರ ಕೈಗೆ ಬರುತ್ತದೆ. ಫೋರ್ಕಿನಿಂದ ಕೆಳಗಿನಿಂದ ಎಬ್ಬಿಸಿದರೆ ಕಪ್ಪು ಗಡ್ಡೆ, ಅದರ ದಾರ, ದಾರದ ಆ ತುದಿಯ ಇನ್ನೊಂದು ಗಡ್ಡೆ, ಹೀಗೆ ಸರವೇ ಎದ್ದು ಬರುತ್ತದೆ. ಎಲ್ಲವೂ ಬರುವುದಿಲ್ಲ, ಆಳದಲ್ಲಿ ಕೆಲವು ಉಳಿಯುತ್ತವೆ. ಆದರೂ ಆ ಪಟ್ಟಿಯಲ್ಲಿ ಆಮೇಲೆ ಎದ್ದ ಕೊನ್ನಾರಿ ಟಿಲ್ಲರ್ ಪಟ್ಟಿಗೆ ಹೋಲಿಸಿದರೆ ಬಹಳ ಕಡಿಮೆ. ಕಿತ್ತ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಕಲ್ಲಿನ ಮೇಲೋ ಸಿಮೆಂಟ್ ನೆಲದ ಮೇಲೋ ಬಿಸಿಲಿಗೆ ಹರಡಿ. ಪೂರ್ತಿ ಒಣಗಿದ ಗಡ್ಡೆ ಮತ್ತೆ ಚಿಗುರುವುದಿಲ್ಲ.

ಎರೆಹುಳುಗಳೂ ಜಾಸ್ತಿ ಉಳಿಯುತ್ತವೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಫೋರ್ಕಿನ ಕೊರತೆ ಅಂದರೆ ನಿಧಾನ. ಕಲ್ಲು ಜಾಸ್ತಿ ಇರುವ ನೆಲದಲ್ಲಿ ಹಲ್ಲು ಎಡವುತ್ತದೆ, ಅಲ್ಲಿ ಮೊದಲು ಹಾರೆ ಬೇಕು. ತೀರಾ ಮರಳು ಮಣ್ಣಿದ್ದರೆ ಹಲ್ಲಿನ ನಡುವೆ ಮಣ್ಣು ಜಾರಿಹೋಗುತ್ತದೆ. ಆದರೆ ಅಂಥ ಮಣ್ಣಿಗೆ ಇಷ್ಟು ಅಗೆತವೂ ಬೇಕಿಲ್ಲ.

ಸನಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಲುವೆ ತೆಗೆಯಲು, ಪಾತಿಯ ಅಂಚು ಕಟ್ಟಲು ಅದೇ ಬೇಕು. ಕಳೆ ಇರುವ ನೆಲ ಅಗೆಯಲು ಬೇಡ, ಅದರ ಅಲಗು ಬಳ್ಳಿಯನ್ನು ಕಡಿಯುತ್ತದೆ. ಟಿಲ್ಲರ್ ಮಾಡುವ ತಪ್ಪನ್ನೇ ನಿಧಾನವಾಗಿ ಮಾಡುತ್ತದೆ.

ರಟ್ಟು ಹೊದಿಸುವುದನ್ನು ನಾನು ಬಹಳ ಆಸೆಯಿಂದ ಮಾಡಿದೆ. ಹುಲ್ಲು ಕತ್ತರಿಸಿ ಅಲ್ಲೇ ಬಿಟ್ಟು, ಟೇಪು ಪಿನ್ನು ಕಿತ್ತ ರಟ್ಟನ್ನು ಅಂಚುಗಳು ಒಂದರ ಮೇಲೊಂದು ಒಂದು ಗೇಣಾದರೂ ಬರುವ ಹಾಗೆ ಹಾಸಿ, ಚೆನ್ನಾಗಿ ನೀರು ಹಾಕಿ, ಮೇಲೆ ದಪ್ಪಗೆ ಗೊಬ್ಬರ, ತರಗೆಲೆ. ಬೆಳಕು ಸಿಗದೆ ಸಾಮಾನ್ಯ ಹುಲ್ಲು ಸಾಯುತ್ತದೆ, ರಟ್ಟು ಕೊಳೆತು ಮಣ್ಣಾಗುತ್ತದೆ. ಕೆಳಗಿನ ಮಣ್ಣು ಮೆತ್ತಗಾದದ್ದು ಕಂಡು ನಿಜಕ್ಕೂ ಖುಷಿಯಾಯಿತು. ಮರದ ಬುಡದ ಸುತ್ತ, ಅಗೆದರೆ ಬೇರಿಗೆ ಏಟಾಗುವ ಕಡೆ, ಇದೇ ಸರಿಯಾದ ದಾರಿ. ಆದರೆ ಇದಕ್ಕೆ ತಿಂಗಳುಗಟ್ಟಲೆ ಮುಂಚೆ ಶುರು ಮಾಡಬೇಕು, ಬಿತ್ತನೆ ಹತ್ತಿರ ಬಂದಾಗ ಯೋಚಿಸುವ ಕೆಲಸ ಅಲ್ಲ. ಕೊನ್ನಾರಿ ಇದಕ್ಕೆ ಬಗ್ಗುವುದೂ ಇಲ್ಲ. ಅದರ ಚೂಪಾದ ಚಿಗುರು ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡುತ್ತದೆ, ನೆಂದ ರಟ್ಟು ಯಾವ ಲೆಕ್ಕ? ಗೆದ್ದಲು ಇರುವ ಜಾಗದಲ್ಲಿ ಹಾಸುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಯಾವುದನ್ನೇ ಆರಿಸಿಕೊಳ್ಳಿ, ಅಗೆಯುವುದಾದರೆ ಮಣ್ಣು ಹದಕ್ಕೆ ಬಂದಿರಬೇಕು. ಒಂದು ಹಿಡಿ ಮಣ್ಣು ತೆಗೆದುಕೊಂಡು ಗಟ್ಟಿಯಾಗಿ ಅದುಮಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಉಂಡೆ ಪುಡಿಪುಡಿಯಾಗಿ ಒಡೆದರೆ ಹದ. ಅಂಟಿಕೊಂಡು ಮಿಂಚುತ್ತಾ ನುಣುಪಾಗಿ ಜಾರಿದರೆ ಇನ್ನೂ ಒದ್ದೆ, ಕಾಯಬೇಕು. ಉಂಡೆಯೇ ಕಟ್ಟದಿದ್ದರೆ ತೀರಾ ಒಣಗಿದೆ, ಹಿಂದಿನ ದಿನ ನೀರು ಹಾಯಿಸಿ. ಜೇಡಿ ಮಣ್ಣಿನಲ್ಲಂತೂ ಒದ್ದೆ ಇರುವಾಗ ಅಗೆದರೆ ಒಣಗಿದ ಮೇಲೆ ಹೆಂಟೆಗಳು ಇಟ್ಟಿಗೆಯಷ್ಟು ಗಟ್ಟಿ.

ಪಾತಿ ಆದ ತಕ್ಷಣ ಬಿತ್ತಬೇಡಿ ಅಂತಲೂ ಹೇಳುತ್ತೇನೆ. ಗೋಣಿಸೊಪ್ಪಿನಂಥ ಕಳೆಗಳ ಸಣ್ಣ ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಕಾದು, ಅಗೆದಾಗ ಬೆಳಕು ಕಂಡು ಮೊಳೆಯುತ್ತವೆ. ಪಾತಿ ಸಮ ಮಾಡಿ, ನೀರು ಕೊಟ್ಟು, ಒಂದೆರಡು ವಾರ ಬಿಡಿ. ಮೊಳಕೆ ಎದ್ದಾಗ ಮೇಲ್ಮಣ್ಣನ್ನು ಮಾತ್ರ ಕೆರೆದು ತೆಗೆಯಿರಿ, ಆಳಕ್ಕೆ ಹೋಗಬೇಡಿ. ಆಳಕ್ಕೆ ಹೋದರೆ ಹೊಸ ಬೀಜ ಮೇಲೆ ಬರುತ್ತವೆ.

ನನ್ನ ತೀರ್ಮಾನ ನನ್ನ ಅಭ್ಯಾಸಕ್ಕೆ ತಕ್ಕದ್ದು. ಬಿಸಿಲೇರುವ ಮುಂಚೆ ಸ್ವಲ್ಪ ಹೊತ್ತು ಕೆಲಸ ಮಾಡಿ ಎದ್ದುಬಿಡುವವನು ನಾನು, ಒಂದು ದಿನಕ್ಕೆ ಒಂದು ಪಾತಿಯ ಅರ್ಧ ಆದರೂ ಸಾಕು. ಪೆಟ್ರೋಲ್ ಮನೆಯಲ್ಲಿ ಇಟ್ಟುಕೊಳ್ಳುವುದು ಇಷ್ಟವಿಲ್ಲ. ವರ್ಷದಲ್ಲಿ ಕೆಲವೇ ದಿನ ಓಡುವ ಎಂಜಿನ್‌ನಲ್ಲಿ ಪೆಟ್ರೋಲ್ ಹಾಗೇ ನಿಂತರೆ ಕಾರ್ಬ್ಯುರೇಟರ್ ಒಳಗೆ ಅಂಟು ಕಟ್ಟುತ್ತದೆ, ಮುಂದಿನ ಹಂಗಾಮಿಗೆ ಸ್ಟಾರ್ಟ್ ಆಗುವುದಿಲ್ಲ. ಫೋರ್ಕನ್ನು ತೊಳೆದು, ಒರೆಸಿ, ಎಣ್ಣೆ ಬಟ್ಟೆಯಲ್ಲಿ ಉಜ್ಜಿ ಗೋಡೆಗೆ ನೇತುಹಾಕಿದರೆ ಮುಗಿಯಿತು. ಬೆಲೆಯಲ್ಲೂ ಟಿಲ್ಲರ್ ಎಷ್ಟೋ ಪಟ್ಟು ಜಾಸ್ತಿ. ಆ ವ್ಯತ್ಯಾಸದ ದುಡ್ಡನ್ನು ಒಳ್ಳೆಯ ಕಾಂಪೋಸ್ಟಿಗೆ ಹಾಕಿದರೆ ಮಣ್ಣು ಸುಧಾರಿಸುತ್ತದೆ.

ನಿಮ್ಮದು ದೊಡ್ಡ ಬಯಲು ಜಾಗ, ಗರಿಕೆ ಕೊನ್ನಾರಿ ಎರಡೂ ಇಲ್ಲ, ಒಂದೇ ದಿನದಲ್ಲಿ ಮುಗಿಯಬೇಕು ಅಂದರೆ ಟಿಲ್ಲರನ್ನು ಬಾಡಿಗೆಗೆ ತನ್ನಿ, ಕೊಳ್ಳಬೇಡಿ. ಮನೆ ಹಿಂದಿನ ಹಿತ್ತಲಿಗಾದರೆ ಫೋರ್ಕ್ ಕೊಳ್ಳಿ, ಆದರೆ ಕೈಗೆ ಸಿಕ್ಕಿದ್ದನ್ನು ತರಬೇಡಿ. ತಗಡು ಒತ್ತಿ ಮಾಡಿದ ತೆಳು ಹಲ್ಲು ಮೊದಲ ಗಟ್ಟಿ ನೆಲಕ್ಕೇ ಬಾಗುತ್ತದೆ. ಕಾಯಿಸಿ ಬಡಿದು ಮಾಡಿದ, ಚೌಕನೆಯ ದಪ್ಪ ಹಲ್ಲು ಇರಲಿ. ಹಿಡಿ ಕೂರುವ ಕೊಳವೆ ಉದ್ದವಾಗಿರಲಿ, ರಿವೆಟ್ ಅಲುಗಾಡಬಾರದು. ಅಂಗಡಿಯಲ್ಲೇ ಹಲ್ಲನ್ನು ನೆಲಕ್ಕೆ ಊರಿ ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆದು ನೋಡಿ. ಬಿಟ್ಟಾಗ ನಾಲ್ಕೂ ಹಲ್ಲು ಮೊದಲಿನ ಸಾಲಿಗೇ ವಾಪಸ್ ಬಂದರೆ ತೆಗೆದುಕೊಳ್ಳಿ.